ಬಾಯಿಬಿಟ್ಟು ಹೇಳಬೇಕಾದ ಮಾತು

ಹಿಮ್ಮಡಿ, ಕಣ್ಣಿಗೆ ಕಾಣುವುದು ಒಂದು ಹಿಮ್ಮಡಿ ಮಾತ್ರ, ಕರಿ ಕಾಲುಚೀಲ, ಹರಿದ ಕಡೆ ಕೆಂಪು ದಾರದ ಹೊಲಿಗೆ, ಊರಿಗೆಲ್ಲ ಹಾಸಿಗೆ ಹೊಲಿದುಕೊಟ್ಟವರಿಗೆ ಕರಿ ದಾರಕ್ಕೆ ಬರವೇ, ಇಲ್ಲ, ಕೈಗೆ ಸಿಕ್ಕಿದ್ದರಲ್ಲಿ ಹೊಲಿದುಕೊಂಡಿರಬೇಕು, ಚಪ್ಪಲಿಯೊಳಗಿನ ಹಿಮ್ಮಡಿಯನ್ನು ಯಾರು ನೋಡುತ್ತಾರೆ ಎಂದು, ನಾನು ನೋಡುತ್ತಿದ್ದೇನೆ ಶೆಹ್ತಾ ಮೇಸ್ತ್ರಿ, ನೋಡದೆ ಬೇರೆ ದಾರಿಯಿಲ್ಲ, ಆ ಖುಫು ರಾಜ ಬೆಟ್ಟದಷ್ಟು ದೊಡ್ಡ ಪಿರಮಿಡ್ಡು ಕಟ್ಟಿಸಿ ಒಳಗೆ ಹೋಗಲು ಇಲಿಯ ಬಿಲದಷ್ಟು ಜಾಗ ಬಿಟ್ಟಿದ್ದಾನೆ, ತಲೆ ಎತ್ತಿದರೆ ಕಲ್ಲು, ಸೊಂಟ ನೆಟ್ಟಗೆ ಮಾಡಿದರೆ ಕಲ್ಲು, ಬಗ್ಗಿಕೊಂಡೇ ಏರಬೇಕು, ಪಟ್ಟಿ ಹೊಡೆದ ಹಲಗೆಯ ಮೇಲೆ, ಎರಡೂ ಕಡೆ ಕಂಬಿ ಹಿಡಿದು, ಕೋಳಿ ಗೂಡಿಗೆ ನುಗ್ಗುವ ಹಾಗೆ — ಒಳಗೆಲ್ಲ ಬೆವರಿನ ವಾಸನೆ, ಅತ್ತರಿನ ವಾಸನೆ, ಯಾರೋ ತಿಂದ ಹಸಿ ಈರುಳ್ಳಿಯ ವಾಸನೆ, ಯಾರೋ ಏನು, ಎಲ್ಲರೂ ತಿಂದಿದ್ದಾರೆ, ವಸಂತದ ಹಬ್ಬದ ದಿನ ಈರುಳ್ಳಿ ಕಚ್ಚದ ಬಾಯಿ ಇಡೀ ಕೈರೋದಲ್ಲಿ ಇರುವುದಿಲ್ಲ, ನಾನೂ ಬೆಳಿಗ್ಗೆ ಏಳುತ್ತಲೇ ಕಚ್ಚಿದ್ದೇನೆ, ಆಮೇಲೆ ಏಲಕ್ಕಿ ಜಗಿದಿದ್ದೇನೆ, ಏಕೆ ಜಗಿದೆ ಎಂದು ನನ್ನನ್ನು ಯಾರೂ ಕೇಳಬಾರದು. ಮುಂದೆ ಮೇಸ್ತ್ರಿ, ನಡುವೆ ನಾನು, ಹಿಂದೆ ಮಗಳು ನಶ್ವಾ, ಏರುವಾಗ ಗಂಡಸು ಮುಂದಿರಬೇಕು, ಹೆಂಗಸಿನ ಬೆನ್ನು ಅವನ ಕಣ್ಣಿಗೆ ಬೀಳಬಾರದು, ಇದನ್ನು ಯಾರೂ ಹೇಳಿಕೊಡಲಿಲ್ಲ, ಮೂವರೂ ತಾವಾಗಿ ಹಾಗೆ ನಿಂತೆವು, ಯಮ್ಮಾ ಸ್ವಲ್ಪ ಬೇಗ ನಡಿ ನನ್ನ ಬೆನ್ನಿಗೆ ಒಂದು ಮಗು ತಲೆ ಗುದ್ದಿಸ್ತಾ ಇದೆ ಅನ್ನುತ್ತಾಳೆ ನಶ್ವಾ, ಬೇಗ ನಡೆಯೋಕೆ ಇದೇನು ನಿನ್ನ ಮಾವನ ಮನೆ ಅಂಗಳವೇನೇ ಅನ್ನುತ್ತೇನೆ, ನನ್ನ ಮಾವನ ಮನೆಗೆ ಅಂಗಳ ಎಲ್ಲಿದೆ ಯಮ್ಮಾ, ಇದಕ್ಕಿಂತ ಇಕ್ಕಟ್ಟು, ಮುಂದಿನ ಹಿಮ್ಮಡಿ ಒಂದು ಗಳಿಗೆ ನಿಂತು ಅಲುಗುತ್ತದೆ, ನಗುತ್ತಿದ್ದಾರೆ, ನಗುವಾಗ ಹಿಮ್ಮಡಿಯೂ ನಗುತ್ತದೆ ಎಂದು ನನಗೆ ಇಷ್ಟು ವಯಸ್ಸಾದ ಮೇಲೆ ತಿಳಿಯಿತು.

ಮಗ ರಜಬ್ ಹೊರಗೇ ಉಳಿದ, ಹಬ್ಬದೂಟದ ಉಪ್ಪು ಮೀನಿನ ಡಬ್ಬಿ ತೊಡೆಯ ಮೇಲಿಟ್ಟುಕೊಂಡು, ಬಾಗಿಲಲ್ಲಿದ್ದ ಕಾವಲಿನವನು ಮೂಗು ಹಿಡಿದುಕೊಂಡಿದ್ದ, ಅಜ್ಜೀ ಈ ಮೀನು ಒಳಗೆ ಹೋದ್ರೆ ಮಲಗಿರೋ ರಾಜ ಎದ್ದು ಓಡ್ತಾನೆ ಅಂದ, ರಾಜ ಎಲ್ಲಿದ್ದಾನಪ್ಪಾ ಕಳ್ಳರು ಎಂದೋ ಹೊತ್ಕೊಂಡು ಹೋದ್ರಲ್ಲ ಅಂದೆ, ಹಾಗಾದ್ರೆ ಇನ್ಮೇಲೆ ಕಳ್ಳರೂ ಬರಲ್ಲ ಬಿಡಿ ಅಂದ, ರಜಬ್‌ಗೆ ನಗು ಬರಲಿಲ್ಲ, ಅವನು ಬೆಳಿಗ್ಗೆಯಿಂದ ಮುಖ ಗಂಟು ಹಾಕಿಕೊಂಡೇ ಇದ್ದಾನೆ, ನಾನಿಲ್ಲೇ ಇರ್ತೀನಿ ಬೆಕ್ಕು ಬರುತ್ತೆ ಮೀನಿಗೆ ಅಂದ, ನಶ್ವಾ ನೀನು ಅಮ್ಮನ ಜೊತೆ ಹೋಗು ಜನ ನೋಡ್ತಾರೆ ಅಂದ, ಜನ — ಮರಳಿನ ಮೇಲೆ ಚಾಪೆ ಹಾಸಿಕೊಂಡು ಬಣ್ಣದ ಮೊಟ್ಟೆ ಸುಲಿಯುತ್ತ, ಡೋಲು ಬಡಿಯುತ್ತ, ಒಂಟೆಯ ಮೇಲೆ ಹತ್ತಿ ಇಳಿಯಲು ಬಾರದೆ ಕಿರುಚುತ್ತ ಇರುವ ಇಷ್ಟು ಜನಕ್ಕೆ ಅರವತ್ತು ದಾಟಿದ ಇನ್ಶಿರಾಹ್ ಯಾರ ಹಿಂದೆ ಬಗ್ಗಿಕೊಂಡು ಹೋದಳು ಎಂದು ನೋಡುವುದಕ್ಕೆ ಪುರುಸೊತ್ತು ಎಲ್ಲಿದೆ ಮಗನೇ. ಕಿಟಕಿ ತೆಗೆದರೆ ಮನೆಯ ಚಾವಣಿಗಳ ಆಚೆ ಇದರ ತುದಿ ಕಾಣುತ್ತದೆ, ಅದನ್ನು ನೋಡಿಕೊಂಡೇ ಬಟ್ಟೆ ಒಣಹಾಕಿದ್ದೇನೆ, ಮಕ್ಕಳನ್ನು ಹೆತ್ತಿದ್ದೇನೆ, ಗಂಡನ ಹೆಣ ಇಳಿಸಿದ್ದೇನೆ, ಒಳಗೆ ಬಂದಿರಲಿಲ್ಲ, ಪಕ್ಕದ ಮನೆಯವರ ಅಡುಗೆಮನೆಗೆ ಯಾರು ಸುಮ್ಮನೆ ಹೋಗುತ್ತಾರೆ, ಇವತ್ತು ಮೇಸ್ತ್ರಿಯೇ ಅಂದರು, ಇಷ್ಟು ದೂರ ಬಂದು ಹೊರಗಿಂದ್ಲೇ ಹೋಗೋದಾ, ನಾನು ಮತ್ತೆ ಈ ಕಡೆ ಬರ್ತೀನೋ ಇಲ್ವೋ, ಹಾಗಂದರು, ಮತ್ತೆ ಬರ್ತೀನೋ ಇಲ್ವೋ, ಅದನ್ನು ಬಸ್ಸಿನಲ್ಲೇ ನಶ್ವಾ ಹೇಳಿದ್ದಳು, ಗೊತ್ತಾ ಯಮ್ಮಾ ಮೇಸ್ತ್ರಿ ಅಂಗಡಿ ಮುಚ್ತಿದ್ದಾರೆ, ದೂರದ ದಮಿಯಾತ್ತಿನಲ್ಲಿರೋ ಅವರ ತಂಗಿ ಮನೆಗೇ ಹೋಗಿಬಿಡ್ತಾರಂತೆ, ನಾಳಿದ್ದು, ಅದಕ್ಕೇ ಇವತ್ತು ನಮ್ಜೊತೆ ಬನ್ನಿ ಅಂತ ಕರೆದೆ, ನಾನು ಕಿಟಕಿಯ ಕಡೆ ತಿರುಗಿ ಕೂತೆ, ತಲೆವಸ್ತ್ರದ ತುದಿಯನ್ನು ಬಾಯಿಗೆ ಕಚ್ಚಿಕೊಂಡೆ, ಹೋಗುತ್ತಾರಂತೆ, ನನ್ನನ್ನು ಕೇಳಿ, ನಾನು ಒಪ್ಪಿ, ಆಮೇಲೆ ಹೋಗುತ್ತಾರಂತೆ, ಇದು ಯಾವ ಸೀಮೆಯ ನ್ಯಾಯ.

ಕೇಳಿದ್ದು ನಿಜ, ಹೋದ ತಿಂಗಳು, ಮೆಟ್ಟಿಲ ಮೇಲೆ, ನನ್ನ ಮನೆಯ ಬಾಗಿಲಲ್ಲಿ ನಿಂತು, ಕತ್ತರಿ ವಾಪಸು ಕೊಡುವ ನೆಪ, ಕತ್ತರಿಯನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ, ರಜಬನ ಅಮ್ಮಾ, ನನ್ನ ಮನೇಲಿ ನಾನೊಬ್ನೇ, ನಿಮ್ಮನೇಲಿ ನೀವೊಬ್ರೇ, ಎರಡು ಒಲೆ ಹಚ್ಚೋದು ಯಾಕೆ ಅಂತ, ನಿಮಗೆ ಒಪ್ಪಿಗೆ ಇದ್ರೆ ನಿಕಾಹ್ ಮಾಡ್ಕೊಂಡು — ಅಷ್ಟೇ ಹೇಳಿ ಬಾಯಿ ಅರ್ಧ ತೆರೆದುಕೊಂಡೇ ನಿಂತರು, ನಾನು ತಲೆ ತಗ್ಗಿಸಿದೆ, ಒಂದು ಮಾತೂ ಆಡಲಿಲ್ಲ, ಆಡಬಾರದು, ಹದಿನಾರನೆಯ ವಯಸ್ಸಿನಲ್ಲಿ ಸೋದರತ್ತೆ ನನ್ನ ತೋಳು ಚಿವುಟಿ ಹೇಳಿಕೊಟ್ಟಿದ್ದಳು, ಮುಂದೆ ನನ್ನ ಗಂಡನಾದ ಮೆತ್ವಲ್ಲಿಯ ಕಡೆಯವರು ಬಂದಿದ್ದರು, ಬಾಗಿಲ ಆಚೆ ಗಂಡಸರು, ಈಚೆ ನಾನು, ಅಪ್ಪ ಕದದ ಸಂದಿಯಿಂದ ಕೇಳಿದ, ಇನ್ಶಿರಾಹ್, ನಿನಗೆ ಒಪ್ಪಿಗೆಯಾ ಮಗಾ, ಅತ್ತೆ ಕಿವಿಯಲ್ಲಿ, ಬಾಯಿ ಬಿಟ್ಟೀಯೆ ಜೋಕೆ, ಹೂಂ ಅಂದ್ರೆ ಎಂಥ ಗಟ್ಟಿಗಿತ್ತಿ ಅಂತಾರೆ, ಹುಡುಗಿ ಸುಮ್ನಿದ್ರೆ ಅದೇ ಹೂಂ, ನನಗೆ ಆ ಹೊತ್ತಿಗೆ ಸರಿಯಾಗಿ ಬಿಕ್ಕಳಿಕೆ, ಉಸಿರು ಕಟ್ಟಿ ಅದನ್ನು ಹಿಡಿದುಕೊಂಡೆ, ಆಚೆ ಅಪ್ಪ ಹೇಳಿದ, ಮಗಳು ಮೌನವಾಗಿದ್ದಾಳೆ, ಒಪ್ಪಿದಳು, ಆಯಿತು, ಶರಬತ್ತು ಹಂಚಿದರು, ಬಿಕ್ಕಳಿಕೆ ಸಂಜೆಯವರೆಗೂ ಹೋಗಲಿಲ್ಲ. ಮೆತ್ವಲ್ಲಿ ಒಳ್ಳೆಯವರೇ, ದೇವರು ಅವರ ಗೋರಿಯನ್ನು ತಣ್ಣಗಿಡಲಿ, ದುಡಿದು ತಂದರು, ಕೈ ಎತ್ತಲಿಲ್ಲ, ಏನನ್ನೂ ಕೇಳಲೂ ಇಲ್ಲ, ಇವತ್ತು ಏನು ಅಡುಗೆ ಮಾಡಲಿ ಎಂದು ನಾನು ಕೇಳುತ್ತಿದ್ದೆ, ನಿನಗೇನು ಇಷ್ಟ ಎಂದು ಅವರು ಕೇಳಿದ್ದರೆ ನನಗೆ ಉತ್ತರವೂ ಗೊತ್ತಿರಲಿಲ್ಲವೇನೋ, ಹೀಗೆ ಮೌನದಲ್ಲಿ ಒಪ್ಪಿದವಳು ಮೌನದಲ್ಲೇ ಸಂಸಾರ ಮಾಡಿದೆ, ಚೆನ್ನಾಗಿಯೇ ಮಾಡಿದೆ. ಹಾಗಾಗಿ ಮೇಸ್ತ್ರಿ ಕೇಳಿದಾಗಲೂ ತಲೆ ತಗ್ಗಿಸಿ ಸುಮ್ಮನಿದ್ದೆ, ನನ್ನ ಪ್ರಕಾರ ಅದಕ್ಕಿಂತ ದೊಡ್ಡ ಹೂಂ ಇಲ್ಲ, ಮುಖ ಸುಡುತ್ತಿತ್ತು, ಚಹಾ ಮಾಡಲು ಒಳಗೆ ಓಡಿದೆ, ಪುದೀನ ಹಾಕಿ, ಸಕ್ಕರೆ ಮುಂದಾಗಿ, ಎರಡು ಲೋಟ, ಹೊರಗೆ ಬಂದರೆ ಮೆಟ್ಟಿಲ ಮೇಲೆ ಕತ್ತರಿ ಇದೆ, ಮನುಷ್ಯ ಇಲ್ಲ, ನಾಚಿಕೊಂಡು ಹೋದರು ಪಾಪ ಅಂದುಕೊಂಡು ಎರಡೂ ಲೋಟ ನಾನೇ ಕುಡಿದೆ, ಹೂವಿನ ಬಟ್ಟೆಯ ಉದ್ದನೆಯ ಅಂಗಿ ಹೊಲಿಸಿದೆ, ನಿಕಾಹ್ ಓದಿಸುವ ಷೇಕ್ ಸಾಹೇಬರನ್ನು ಇವತ್ತು ಕಳಿಸುತ್ತಾರೆ, ನಾಳೆ ಕಳಿಸುತ್ತಾರೆ, ಶುಕ್ರವಾರ ಕಳಿಸುತ್ತಾರೆ, ಶುಕ್ರವಾರಗಳು ಬಂದವು, ಹೋದವು.

ಯಾರೋ ಇಳಿಯುತ್ತಿದ್ದಾರೆ, ದಪ್ಪನೆಯ ಮನುಷ್ಯ, ಗೋಡೆಗೆ ಅಂಟಿಕೊಳ್ಳಬೇಕು, ಹೊಟ್ಟೆ ಒಳಗೆ ತಗೊಳ್ಳಣ್ಣಾ ಅನ್ನುತ್ತಾಳೆ ನಶ್ವಾ, ಒಳಗೇ ಇದೆಯಮ್ಮಾ ಇದು ಉಳಿದಿದ್ದು ಅನ್ನುತ್ತಾನೆ ಅವನು, ಸಾಲೆಲ್ಲ ನಗುತ್ತದೆ, ಬಿಲದೊಳಗಿನ ನಗು ಮೇಲಕ್ಕೆ ಉರುಳಿಕೊಂಡು ಹೋಗುತ್ತದೆ, ನನಗೂ ನಗು, ಕೋಪವಿದ್ದರೂ ನಗು, ಮೊಣಕಾಲು ನೋಯುತ್ತಿದೆ ಆದರೂ ಒಳಗೆಲ್ಲೋ ಹಬ್ಬ, ಹಿಮ್ಮಡಿ ಮೇಲೇರುತ್ತದೆ, ಕೆಂಪು ದಾರ, ಅದೇ ಕೆಂಪು ದಾರ ನಶ್ವಾಳ ಮದುವೆಯ ರಜಾಯಿಗೂ, ನಮ್ಮ ಬೀದಿಯಲ್ಲೇ ಚಾಪೆ ಹಾಸಿ ಹತ್ತಿ ಹಿಂಜಿದ್ದರು, ಬಿಲ್ಲಿನ ತಂತಿ ಮಿಡಿದರೆ ಇಡೀ ಬೀದಿ ಗುಂಯ್‌ಗುಡುತ್ತಿತ್ತು, ಹೆಂಗಸರೆಲ್ಲ ಹಾಡುತ್ತಿದ್ದರು, ಮೇಸ್ತ್ರಿ ಹುಬ್ಬಿನ ಮೇಲೆಲ್ಲ ಹತ್ತಿ ಅಂಟಿ ಮುದುಕನಂತೆ ಕಾಣುತ್ತಿದ್ದರು, ಆಗ ಮುದುಕರಲ್ಲ, ಈಗ ಹತ್ತಿ ಇಲ್ಲದೆಯೂ ಹಾಗೆಯೇ. ಮೆತ್ವಲ್ಲಿ ತೀರಿಕೊಂಡ ಮೇಲೆ ನಮ್ಮ ಹಾಸಿಗೆಯನ್ನು ಹೊಸದಾಗಿ ಮಾಡಲು ಕರೆಸಿದ್ದೆ, ಹತ್ತಿಯೆಲ್ಲ ಗಂಟುಗಂಟು, ಒಂದು ಕಡೆ ಗುಂಡಿ ಬಿದ್ದಿತ್ತು, ಮೇಸ್ತ್ರಿ ಆ ಗುಂಡಿಯ ಮೇಲೆ ಅಂಗೈ ಇಟ್ಟು ಒತ್ತಿ ನೋಡಿ, ಆಮೇಲೆ ಕೇಳಿದರು, ನೀವು ಯಾವ ಮಗ್ಗುಲಲ್ಲಿ ಮಲಗ್ತೀರಿ ರಜಬನ ಅಮ್ಮಾ, ಗೋಡೆ ಕಡೆಗಾ, ಕಿಟಕಿ ಕಡೆಗಾ, ಆ ಕಡೆ ಸ್ವಲ್ಪ ಮೆತ್ತಗೆ ತುಂಬ್ತೀನಿ, ಯಾವ ಕಡೆ — ನನಗೆ ಅಳು ಬಂತು, ಗಂಡ ಸತ್ತದ್ದಕ್ಕೆ ಎಂದು ಎಲ್ಲರೂ ಅಂದುಕೊಂಡರು, ಯಾವ ಕಡೆ ಎಂದು ನನ್ನನ್ನು ಯಾರೂ ಕೇಳಿರಲಿಲ್ಲ ಎಂಬುದಕ್ಕೆ ಅತ್ತದ್ದು ಎಂದು ಯಾರಿಗೆ ಹೇಳಲಿ, ಕಿಟಕಿ ಕಡೆ ಅಂದೆ, ಅವತ್ತಿನಿಂದ ಕಿಟಕಿ ಕಡೆ ಮಲಗುತ್ತೇನೆ. ಹಾಗೆ ಕೇಳಿದವರು ಈಗ ದಮಿಯಾತ್ತಿಗೆ ಹೋಗುತ್ತಾರಂತೆ, ಬೇಡವೆನಿಸಿತೇ, ನನ್ನ ಸೊಂಟನೋವಿನ ಸುದ್ದಿ ಯಾರಾದರೂ ಕಿವಿಗೆ ಹಾಕಿದರೇ, ರಜಬ್ ಏನಾದರೂ ಅಂದನೇ, ಕೇಳಿಬಿಡಲೇ, ಹೇಗೆ ಕೇಳಲಿ, ಹಿಮ್ಮಡಿಯನ್ನು ಕೇಳಲೇ.

ಇದ್ದಕ್ಕಿದ್ದ ಹಾಗೆ ಕಲ್ಲು ಮೇಲೆ ಹೋಗಿಬಿಟ್ಟಿದೆ, ಬೆನ್ನು ನೆಟ್ಟಗಾಗುತ್ತಿದೆ, ಒಂದೊಂದೇ ಮೂಳೆ ತನ್ನ ಜಾಗಕ್ಕೆ ಬರುತ್ತಿದೆ, ಅಯ್ಯೋ ನನ್ನಪ್ಪಾ ಎಷ್ಟು ಎತ್ತರ, ಇಷ್ಟು ಹೊತ್ತು ಬಾಗಿಸಿ ಬಾಗಿಸಿ ಈಗ ಆಕಾಶದಷ್ಟು ಬಿಟ್ಟುಕೊಟ್ಟಿದ್ದಾನೆ, ಎರಡೂ ಗೋಡೆ ಮೇಲೆಮೇಲೆ ಹತ್ತಿರವಾಗುತ್ತ ಹೋಗಿವೆ, ಪ್ರಾರ್ಥನೆಗೆ ಜೋಡಿಸಲು ಹೊರಟ ಎರಡು ಅಂಗೈಗಳಂತೆ, ದೀಪಗಳ ಸಾಲು ಮೇಲಕ್ಕೆ ಮೇಲಕ್ಕೆ, ಅಂಚಿನ ಕಟ್ಟೆಗೆ ಒರಗಿಕೊಂಡೆವು, ಮೇಸ್ತ್ರಿ ತಿರುಗಿದರು, ಕರವಸ್ತ್ರ ಚಾಚಿದರು, ಬೆವರು ಒರೆಸ್ಕೊಳ್ಳಿ ರಜಬನ ಅಮ್ಮಾ, ತೊಳೆದದ್ದೇ, ಒರೆಸಿಕೊಂಡೆ, ಆಮೇಲೆ ಅವರು ಕೆಳಗೆ ನೋಡುತ್ತ ಹೇಳುತ್ತಾರೆ, ನಾನೇನೂ ಬೇಜಾರು ಮಾಡ್ಕೊಂಡಿಲ್ಲ, ತಿಳೀತಾ, ಬೇಡ ಅನ್ನೋದು ನಿಮ್ಮ ಹಕ್ಕು, ಬೇಡ ಅಂದ್ರೂ ಹಳೇ ಪರಿಚಯ ಎಲ್ಲಿಗೂ ಹೋಗಲ್ಲ, ನಾನು ಕರವಸ್ತ್ರ ಕೆಳಗಿಳಿಸಿದೆ, ಯಾರು ಬೇಡ ಅಂದಿದ್ದು ಅಂದೆ, ನೀವು ಅಂದರು, ನಾನಾ, ನಾನು ಏನೂ ಅನ್ನಲೇ ಇಲ್ವಲ್ಲ, ಅದೇ ಮತ್ತೆ ಅಂದರು ಮೇಸ್ತ್ರಿ, ಏನೂ ಅನ್ಲಿಲ್ಲ, ಬಾಗಿಲು ಹಾಕ್ಕೊಂಡ್ರಿ, ಬಾಗಿಲು ಗಾಳಿಗೆ ಹಾಕ್ಕೊಂಡಿತು ಮೇಸ್ತ್ರಿ ನಾನು ಚಹಾ ಇಡೋಕೆ ಹೋದೆ, ಚಹಾನಾ, ಚಹಾ, ಪುದೀನ ಹಾಕಿದ್ದು, ನೀವು ಓಡಿಹೋಗಿದ್ರಿ. ಹಿಂದಿನಿಂದ ನಶ್ವಾ, ಒಂದ್ನಿಮಿಷ ಒಂದ್ನಿಮಿಷ, ಯಮ್ಮಾ, ಇವರು ಕೇಳಿದಾಗ ನೀನು ಸುಮ್ನಿದ್ದೆಯಾ, ಸುಮ್ಮನಿದ್ದೆ ಕಣೇ ಒಪ್ಪಿಗೆ ಇದ್ರೆ ಹಾಗೇ ಅಲ್ವಾ ಇರೋದು, ನಶ್ವಾ ಕಂಬಿ ಹಿಡಿದುಕೊಂಡು ಕೂತೇ ಬಿಟ್ಟಳು, ನಗುತ್ತಾಳೆ, ಉಸಿರು ಬರುತ್ತಿಲ್ಲ, ನೀನೇನು ಹದಿನಾರರ ಹುಡುಗೀನಾ ಯಮ್ಮಾ, ಮೇಸ್ತ್ರಿ ನಗುತ್ತಿಲ್ಲ, ಹುಬ್ಬು ಮೇಲೇರಿ ಅಲ್ಲೇ ನಿಂತಿದೆ, ನಾನು ಷೇಕ್ ಸಾಹೇಬ್ರನ್ನ ಹೋಗಿ ಕೇಳ್ದೆ ರಜಬನ ಅಮ್ಮಾ, ಹೀಗೆ ಸುಮ್ನಿದ್ರೆ ಏನು ಅರ್ಥ ಅಂತ, ಮೊದಲ ಮದುವೆ ಹುಡುಗಿ ಸುಮ್ನಿದ್ರೆ ಒಪ್ಪಿದ ಹಾಗೆ, ಗಂಡನ ಮನೆ ಕಂಡೋಳು ತನ್ನ ಬಾಯಿಂದ ಹೇಳ್ಬೇಕು, ಹೇಳ್ಲಿಲ್ಲ ಅಂದ್ರೆ ಇಲ್ಲ ಅಂತ ತಿಳ್ಕೊ, ಪೀಡಿಸ್ಬೇಡ, ಹಾಗಂದ್ರು, ಅದಕ್ಕೇ ನಾನು ಮತ್ತೆ ನಿಮ್ಮ ಬೀದಿ ಕಡೆ ಬರ್ಲಿಲ್ಲ. ಅಷ್ಟು ದಿನ ನಾನು ಒಪ್ಪಿಕೊಂಡು ಕೂತಿದ್ದೆ, ಅವರು ಒಪ್ಪಲಿಲ್ಲವೆಂದು ಕೂತಿದ್ದರು, ಒಂದೇ ಮೌನ, ನಡುವೆ ಮೂರು ಬೀದಿ, ನನಗೆ ನಗುವುದೋ ಯಾರಿಗಾದರೂ ಬೈಯುವುದೋ ತಿಳಿಯುತ್ತಿಲ್ಲ, ಅತ್ತೆಯೇ, ಸ್ವರ್ಗದಲ್ಲಿರುವವಳೇ, ಗಂಡ ಸತ್ತ ಮೇಲಿನ ಪಾಠ ಯಾಕೆ ಹೇಳಿಕೊಡಲಿಲ್ಲ, ಹಾಗಾದ್ರೆ ಈಗ ಹೇಳಿ ಅನ್ನುತ್ತಾರೆ ಮೇಸ್ತ್ರಿ, ತೀರಾ ಮೆಲ್ಲಗೆ, ಬಾಯಿ ಅರ್ಧ ತೆರೆದು — ಕೆಳಗಿನಿಂದ ಸಾಲು ತಳ್ಳುತ್ತದೆ, ನಿಂತ್ಕೋಬೇಡಿ ಅಜ್ಜೀ ನಡೀರಿ ನಡೀರಿ, ಇಲ್ಲೇನು ಚಾಪೆ ಹಾಸ್ತೀರಾ, ನಡೆಯಲೇಬೇಕು, ಮತ್ತೆ ಅವರು ಮುಂದೆ, ಮತ್ತೆ ಹಿಮ್ಮಡಿ.

ಹೇಳಬೇಕು, ಇಷ್ಟೇ ತಾನೇ, ಒಪ್ಪಿಗೆ ಎಂದರೆ ಮುಗಿಯಿತು, ಮೀನಿನ ಅಂಗಡಿಯಲ್ಲಿ ಕೂಡ ಯಾವುದು ಕೊಡಲಿ ಎಂದರೆ ನಿಮಗೆ ಸರಿ ಕಂಡದ್ದು ಕೊಡಿ ಅನ್ನುವವಳು ನಾನು, ಕೋಳಿ ಬಡಿಸುವಾಗ ತೊಡೆ ಅವರಿಗೆ ಎದೆ ಇವರಿಗೆ ಹಾಕಿ ರೆಕ್ಕೆಯೇ ನನಗೆ ರುಚಿ ಅನ್ನುತ್ತಿದ್ದವಳು, ರೆಕ್ಕೆ ರುಚಿಯೂ ಅಲ್ಲ, ನನಗೆ ಇದು ಬೇಕು ಎಂದು ಬಾಯಿಂದ ಹೊರಟದ್ದೇ ನೆನಪಿಲ್ಲ, ಬೇಕು ಅನ್ನುವ ಮಾತು ಎಲ್ಲಿ ಕೂತಿರುತ್ತದೆ, ಹೊಟ್ಟೆಯಲ್ಲೋ ಎದೆಯಲ್ಲೋ, ತೆಗೆಯಲು ಎಲ್ಲಿ ಕೈ ಹಾಕಬೇಕು, ಮತ್ತೊಮ್ಮೆ ಬಗ್ಗಿದೆವು, ಗಿಡ್ಡ ಬಾಗಿಲು, ಎದ್ದರೆ ಕೋಣೆ, ರಾಜನ ಕೋಣೆ, ನುಣ್ಣನೆಯ ಕರಿಗೆಂಪು ಕಲ್ಲಿನ ಗೋಡೆ, ಮೂಲೆ ಒಡೆದ ಕಲ್ಲಿನ ತೊಟ್ಟಿ, ಮುಚ್ಚಳವಿಲ್ಲ, ಒಳಗೆ ಏನೂ ಇಲ್ಲ, ಇಷ್ಟಕ್ಕೆ ಇಷ್ಟು ಹತ್ತಿದೆವಾ ಅನ್ನುತ್ತಾಳೆ ನಶ್ವಾ, ಮೆಲ್ಲಗೇ ಅಂದದ್ದು, ಕೋಣೆ ಅದನ್ನು ಎತ್ತಿಕೊಂಡು ಎಲ್ಲರ ಕಿವಿಗೂ ಹಾಕಿತು, ಇಲ್ಲಿ ಪಿಸುಗುಟ್ಟಿದ್ರೂ ಕೇಳುತ್ತೆ, ಸದ್ದು ಮಾಡ್ಬೇಡಿ ಅನ್ನುತ್ತಾನೆ ಮೂಲೆಯಲ್ಲಿ ಕೂತ ಕಾವಲಿನವನು, ಎಲ್ಲರೂ ಸುಮ್ಮನಾದರು, ಪರದೇಶದ ನಾಲ್ಕಾರು ಜನ, ತಂತಾ ಊರಿನಿಂದ ಬಂದ ಒಂದು ಸಂಸಾರ, ಹೆಗಲ ಮೇಲೆ ನಿದ್ದೆ ಹೋದ ಮಗು. ಎಂಥ ಮೌನ, ಹಾಸಿಗೆಗೆ ತುಂಬಿದ ಹತ್ತಿಯಂತೆ ಮೂಲೆಮೂಲೆಗೂ ಒತ್ತಿ ತುಂಬಿದ ಮೌನ, ಆ ರಾಜ ಇಲ್ಲಿ ಬಾಯಿ ಮುಚ್ಚಿಕೊಂಡು ಮಲಗಿದ್ದನಲ್ಲ, ಇಷ್ಟು ದೊಡ್ಡ ಕಲ್ಲು ಮೇಲೆ ಹೊತ್ತುಕೊಂಡು, ಅವನ ಹೆಂಡತಿಯನ್ನಾದರೂ ಯಾರಾದರೂ ಕೇಳಿದ್ದರೇ, ಮೇಸ್ತ್ರಿ ತೊಟ್ಟಿಯ ಆ ಕಡೆ ನಿಂತಿದ್ದಾರೆ, ನನ್ನನ್ನು ನೋಡುತ್ತಿದ್ದಾರೆ, ನೋಡಿಯೇ ನೋಡಿದರು, ನಾನು ಬಾಯಿ ತೆರೆದೆ, ಬರೀ ಗಾಳಿ ಬಂತು, ಮತ್ತೆ ತೆರೆದೆ, ಬಿಕ್ಕಳಿಕೆ ಬಂದೀತು ಎಂದು ಹೆದರಿ ಮುಚ್ಚಿದೆ, ಟೈಮಾಯ್ತು ಹೊರಡಿ ಬೇರೆಯವರು ಕಾಯ್ತಿದ್ದಾರೆ ಅನ್ನುತ್ತಾನೆ ಕಾವಲಿನವನು, ಮೇಸ್ತ್ರಿಯ ಬಾಯಿ ಮೆಲ್ಲಗೆ ಮುಚ್ಚಿಕೊಂಡಿತು, ಒಂದು ನಗು ನಕ್ಕರು, ಹೋಗಲಿ ಬಿಡಿ ಅನ್ನುವ ನಗು, ಬಾಗಿಲ ಕಡೆ ತಿರುಗಿ ಬಗ್ಗಿದರು, ಬೆನ್ನು, ಹಿಮ್ಮಡಿ — ನನಗೆ ಒಪ್ಪಿಗೆ ಇದೆ.

ಯಾರು ಹಾಗಂದದ್ದು, ನಾನೇ, ಪಿಸುಗುಟ್ಟಲಿಲ್ಲ, ಹೊಳೆಯ ಆ ದಡದಲ್ಲಿರುವವರನ್ನು ಕರೆಯುವ ಹಾಗೆ ಅಂದುಬಿಟ್ಟಿದ್ದೇನೆ, ಕಲ್ಲು ಅದನ್ನು ಹಿಡಿದುಕೊಂಡಿತು, ಗೋಡೆಯಿಂದ ಗೋಡೆಗೆ, ಚಾವಣಿಗೆ, ತೊಟ್ಟಿಯೊಳಕ್ಕೆ ಇಳಿದು ಮತ್ತೆ ಮೇಲಕ್ಕೆ, ಒಪ್ಪಿಗೆ ಇದೆ ಇದೆ ಇದೆ, ನಿದ್ದೆಯಲ್ಲಿದ್ದ ಮಗು ಕಣ್ಣು ಬಿಟ್ಟಿತು, ಏನಕ್ಕೆ ಒಪ್ಪಿಗೆ ಅಜ್ಜೀ ಅಂದ ಕಾವಲಿನವನು, ಮೇಸ್ತ್ರಿ ಬಗ್ಗಿದವರು ಏಳಲು ಹೋಗಿ ಗಿಡ್ಡ ಬಾಗಿಲ ಕಲ್ಲಿಗೆ ತಲೆ ಬಡಿಸಿಕೊಂಡರು, ತಲೆ ಉಜ್ಜಿಕೊಳ್ಳುತ್ತ ತಿರುಗಿ, ಇನ್ನೊಂದ್ಸಲ ಹೇಳಿ ಅಂದರು, ಕಲ್ಲು ಹೇಳಿತೋ ನೀವು ಹೇಳಿದ್ರೋ ತಿಳೀಲಿಲ್ಲ, ನಾನೇ ಹೇಳಿದ್ದು ಕಲ್ಲಿಗೇನು ದರ್ದು ಅಂದೆ, ಇನ್ನೊಂದು ಸಲ ಹೇಳಿದೆ, ಎರಡನೆಯ ಸಲ ಎಷ್ಟು ಸಲೀಸು, ಮೂರನೆಯದನ್ನು ಯಾರೂ ಕೇಳದೆಯೇ ಹೇಳಿದೆ, ನಶ್ವಾ ಬಾಯಿಗೆ ಕೈ ಅಡ್ಡ ಹಿಡಿದು ನಾಲಿಗೆ ಮಿಡಿದು ಮದುವೆಮನೆಯ ಕೂಗು ಹಾಕಿಬಿಟ್ಟಳು, ಲುಲುಲುಲು, ತಂತಾದ ಹೆಂಗಸು ಯಾಕೆ ಏನು ಎಂದು ಕೇಳದೆ ಅದಕ್ಕೆ ಸೇರಿದಳು, ಅವಳ ನಾದಿನಿ ಸೇರಿದಳು, ಕೋಣೆಯೊಳಗೆ ನೂರು ಮದುವೆ ಒಟ್ಟಿಗೆ ನಡೆದಂತಾಯಿತು, ಸದ್ದು ಮಾಡೋ ಹಾಗಿಲ್ಲ ಇಲ್ಲಿ, ನಿಲ್ಸಿ ನಿಲ್ಸಿ ಅನ್ನುತ್ತ ಎದ್ದುಬಂದ ಕಾವಲಿನವನು ಮೇಸ್ತ್ರಿಯ ಕೈ ಹಿಡಿದು ಕುಲುಕಿದ, ಮದುಮಗ ನೀವೇನಾ ಮಾವಾ, ಒಳ್ಳೇದಾಗ್ಲಿ, ಈಗ ದಯವಿಟ್ಟು ಹೊರಗೆ ಹೋಗಿ ಕೂಗ್ಕೊಳ್ಳಿ, ಪರದೇಶದವರು ಚಪ್ಪಾಳೆ ತಟ್ಟುತ್ತಾರೆ, ಇದು ಇಲ್ಲಿಯ ದಿನದ ಪೂಜೆ ಎಂದುಕೊಂಡರೋ ಏನೋ. ರಜಬ್‌ಗೆ ಏನು ಹೇಳೋಣ ಅನ್ನುತ್ತಾರೆ ಮೇಸ್ತ್ರಿ, ನಾನೇ ಹೇಳ್ತೀನಿ ಅನ್ನುತ್ತೇನೆ, ಬಾಯಿ ಈಗ ತೆರೆದಿದೆ, ಇವತ್ತು ಏನು ಬೇಕಾದರೂ ಹೇಳಬಲ್ಲೆ, ಮೀನಿನ ನಡುತುಂಡು ನನಗೇ ಬೇಕು ಎಂದೂ ಹೇಳಬಲ್ಲೆ, ತಂಗಿಗೆ ಫೋನ್ ಮಾಡಿ ಬರಲ್ಲ ಅನ್ನಿ ಅಂದೆ, ಅಂದು ಮುಗಿಸುವ ಮೊದಲೇ ಆಯ್ತು ಅಂದರು. ಈಗ ಇಳಿಯಬೇಕು, ಏರುವುದಕ್ಕಿಂತ ಇದು ಕಷ್ಟ, ಇಳಿಜಾರು ಕೆಳಗೆ ಬಿಲದಂತೆ ಜಾರಿಹೋಗಿದೆ, ನೀವು ಮುಂದೆ ನೋಡ್ಕೊಂಡೇ ಮೆಲ್ಲಗೆ ಕೂತು ಇಳೀರಿ, ನಾನು ಕೆಳಗಿರ್ತೀನಿ, ಹಿಂದುಹಿಂದಕ್ಕೆ ಇಳೀತೀನಿ, ಕಾಲು ಜಾರಿದ್ರೆ ನಾನಿದ್ದೀನಿ ಅಂದರು ಮೇಸ್ತ್ರಿ, ನಿಮ್ಮ ಸೊಂಟ ಗಟ್ಟಿ ಇದೆಯಾ ಮೇಸ್ತ್ರಿ ಅಂದಳು ನಶ್ವಾ, ಇಲ್ಲ ಆದ್ರೆ ಇವತ್ತಿಗೆ ಸಾಕಾಗುತ್ತೆ ಅಂದರು, ಎರಡೂ ಕೈಯಲ್ಲಿ ಕಂಬಿ ಹಿಡಿದರು, ಬಗ್ಗಿದರು, ಒಂದು ಕಾಲು ಹಿಂದಕ್ಕೆ ಇಟ್ಟರು, ಇನ್ನೊಂದು, ನಾನು ಇಳಿಯುತ್ತೇನೆ, ಅವರು ಇಳಿಯುತ್ತಾರೆ, ದೀಪ ಒಂದು ದಾಟಿತು, ಈಗ ಕಣ್ಣೆದುರಿಗೆ ಇರುವುದು ಮುಖ, ಇಷ್ಟು ಹತ್ತಿರದಿಂದ ನಾನು ನೋಡಿರದ ಮುಖ, ಹಣೆಯ ಮೇಲೆ ಕಲ್ಲು ಬಡಿದು ಏಳುತ್ತಿರುವ ಬುಗುಟು, ಬಿಳಿಯ ಹುಬ್ಬು, ಬೆವರು ಮೂಗಿನ ತುದಿಯಲ್ಲಿ ನಿಂತು ಬೀಳದೆ, ಒಂದು ಹೆಜ್ಜೆ, ಮುಖ, ಇನ್ನೊಂದು ಹೆಜ್ಜೆ, ಅಲ್ಲಿಯೇ ಇದೆ, ನಾನು ಇಳಿದಷ್ಟೂ ಹಿಂದಕ್ಕೆ ಸರಿದು, ನನ್ನನ್ನೇ ನೋಡುತ್ತ, ಮುಖ